ಎಚ್ಚರಿಕೆಯ ನಾಲ್ಕು ಕಾಗದಗಳು

ಬಾಗಿಲಿಗೆ ಅಗುಳಿಯೇ ಇಲ್ಲದ ಮನೆಯೊಂದನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ದಾರಿಯಲ್ಲಿ ಹೋಗುವವರು ಯಾರೇ ಆಗಲಿ ಒಳಗೆ ಬರಬಹುದು. ಬಂದವರು ಗೋಡೆಯ ಮೇಲಿನ ಬರಹವನ್ನು ಓದಿ ಸುಮ್ಮನೆ ಹೋಗಬೇಕೆಂದಿಲ್ಲ; ತಪ್ಪು ಕಂಡರೆ ಅಳಿಸಿ ತಿದ್ದಬಹುದು, ತಿಳಿದದ್ದೇನಾದರೂ ಇದ್ದರೆ ಹೊಸದಾಗಿ ಬರೆಯಲೂಬಹುದು. ಇಂಥ ಮನೆ ಒಂದು ವಾರವಾದರೂ ನಿಂತೀತೇ ಎಂಬ ಸಂದೇಹ ಸಹಜವಾದದ್ದೇ. ಆದರೆ 2001ನೆಯ ಇಸವಿ ಜನವರಿ 15ರಂದು ಅಮೆರಿಕದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬಿಬ್ಬರು ತೆರೆದ ಅಂಥದೊಂದು ಮನೆ ಇಂದಿಗೂ ನಿಂತಿದೆ. ವಿಕಿಪೀಡಿಯವೆಂದು ಅದರ ಹೆಸರು. ನಮ್ಮ ಮಕ್ಕಳು ಶಾಲೆಯ ಪಾಠಕ್ಕೆಂದು ಮೊಬೈಲಿನಲ್ಲಿ ಹುಡುಕಿದಾಗ ಮೊದಲು ಸಿಗುವ ವಿಶ್ವಕೋಶ ಬಹುಮಟ್ಟಿಗೆ ಅದೇ. ಅದರ ಇಂಗ್ಲಿಷ್ ಆವೃತ್ತಿಯೊಂದರಲ್ಲೇ 70 ಲಕ್ಷಕ್ಕೂ ಮಿಕ್ಕಿ ಲೇಖನಗಳಿವೆ.

ಅದು ನಿಂತಿರುವುದಕ್ಕೆ ಕಾರಣಗಳು ಹಲವು. ನಾನು ಬರೆಯಹೊರಟಿರುವುದು ಅವುಗಳಲ್ಲಿ ಮೇಲುನೋಟಕ್ಕೆ ತೀರ ಸಣ್ಣದೆಂದು ತೋರುವ ಒಂದನ್ನು ಕುರಿತು: ಅಲ್ಲಿ ಬರೆಯುವವರು ತಪ್ಪು ಮಾಡಿದ ಮತ್ತೊಬ್ಬರಿಗೆ ಬರೆಯುವ ಎಚ್ಚರಿಕೆಯ ಕಾಗದ. ಗುಮಾಸ್ತನಿಗೆ ಎಲ್ಲಿ ಹೋದರೂ ಕಾಗದದ ಮೇಲೆಯೇ ಕಣ್ಣು ಎಂದು ಮಿತ್ರರು ನಕ್ಕರೆ ನಗಲಿ. ಎಚ್ಚರಿಕೆಯ ಕಾಗದಗಳನ್ನು ಕರಡು ಮಾಡುವುದರಲ್ಲಿ ಹನ್ನೆರಡು ವರ್ಷ ಕಳೆದವನಿಗೆ, ಸಂಬಳವಿಲ್ಲದೆ ಅದೇ ಕೆಲಸವನ್ನು ಮಾಡುವ ಜನ ಲೋಕದಲ್ಲಿದ್ದಾರೆಂದರೆ ಕುತೂಹಲ ಹುಟ್ಟದೆ ಇರುವುದು ಹೇಗೆ?

ವಿಕಿಪೀಡಿಯದ ಪ್ರತಿಯೊಂದು ಪುಟದ ಹಿಂದೆಯೂ ಅದರ ಇತಿಹಾಸದ ಪುಟವಿರುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಅಕ್ಷರವನ್ನು ಬದಲಿಸಿದರೆಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಕೆಟ್ಟದ್ದನ್ನು ಸರಿಪಡಿಸುವುದು ಆದ್ದರಿಂದ ಕಷ್ಟವಲ್ಲ. ಒಂದು ಗುಂಡಿ ಒತ್ತಿದರೆ ಹಿಂದಿನ ರೂಪ ಮರಳಿ ಬರುತ್ತದೆ. ಕಷ್ಟವಿರುವುದು ಕೆಡಿಸಿದ ಮನುಷ್ಯನ ವಿಷಯದಲ್ಲಿ. ಒಂದು ಊರಿನ ಲೇಖನದಿಂದ ನಾಲ್ಕು ಸಾಲು ಮಾಯವಾಗಿದೆಯೆಂದಿಟ್ಟುಕೊಳ್ಳೋಣ. ಅಳಿಸಿದವನು ಆ ಊರಿನವನೇ ಇರಬಹುದು. ಆ ಸಾಲುಗಳು ಸುಳ್ಳೆಂದು ಅವನಿಗೆ ಚೆನ್ನಾಗಿ ಗೊತ್ತಿರಬಹುದು. ಬೆರಳು ಜಾರಿ ಅಳಿಸಿದ ಅಜ್ಜ ಇರಬಹುದು. ಏನಾಗುತ್ತದೋ ನೋಡೋಣವೆಂದು ಒತ್ತಿದ ಏಳನೆಯ ತರಗತಿಯ ಹುಡುಗನಿರಬಹುದು. ಪಕ್ಕದ ಊರಿನ ಮೇಲೆ ಹಗೆಯಿರುವ ಕಿಡಿಗೇಡಿಯೂ ಇರಬಹುದು. ಹೊರಗಿನಿಂದ ನೋಡುವವರಿಗೆ ನಾಲ್ವರೂ ಒಂದೇ, ಏಕೆಂದರೆ ಕಾಣುವುದು ಹೋದ ಸಾಲುಗಳು ಮಾತ್ರ. ಮುಖ ಕಾಣದು, ದನಿ ಕೇಳದು. ಇಂಥವರಿಗೆ ಬರೆಯುವ ಮೊದಲನೆಯ ಕಾಗದ ಯಾವ ಧಾಟಿಯಲ್ಲಿರಬೇಕು?

ಇಂಗ್ಲಿಷ್ ವಿಕಿಪೀಡಿಯದ ಜನ ಇದಕ್ಕೆ ಕಂಡುಕೊಂಡ ಉತ್ತರ ಮೆಟ್ಟಿಲುಗಳದು. ಎಚ್ಚರಿಕೆಗಳನ್ನು ನಾಲ್ಕು ಹಂತಗಳಲ್ಲಿ ಮೊದಲೇ ಬರೆದಿಟ್ಟಿದ್ದಾರೆ. ಒಂದೊಂದು ಬಗೆಯ ತಪ್ಪಿಗೂ (ಜಾಹೀರಾತು ತುರುಕಿದ್ದಕ್ಕೆ, ಆಧಾರವಿಲ್ಲದೆ ಬರೆದದ್ದಕ್ಕೆ, ಪುಟ ಕೆಡಿಸಿದ್ದಕ್ಕೆ, ಇನ್ನೊಬ್ಬರನ್ನು ನಿಂದಿಸಿದ್ದಕ್ಕೆ) ಬೇರೆಬೇರೆ ಕಾಗದಗಳುಂಟು. ತಪ್ಪು ಮಾಡಿದವರ ಚರ್ಚೆಪುಟದಲ್ಲಿ ಅದನ್ನು ಅಂಟಿಸಿ, ಕೆಳಗೆ ಸಹಿ ಹಾಕುತ್ತಾರೆ. ಸಹಿಯೊಡನೆ ತಾರೀಖು ವೇಳೆಗಳು ತಾವಾಗಿಯೇ ಬೀಳುತ್ತವೆ.

ಮೊದಲನೆಯ ಮೆಟ್ಟಿಲಿನ ಕಾಗದದ ತಲೆಯಲ್ಲಿ ನೀಲಿ ಬಣ್ಣದ ಸಣ್ಣ ಚಿಹ್ನೆಯಿರುತ್ತದೆ. ಎದುರಿನವರು ಒಳ್ಳೆಯ ಉದ್ದೇಶದಿಂದಲೇ ಬಂದವರೆಂದು ನಂಬಿ ಬರೆದದ್ದು ಅದು. ನಿಮ್ಮ ತಿದ್ದುಪಡಿ ಸರಿಯೆಂದು ತೋರಲಿಲ್ಲ, ಹಿಂದಕ್ಕೆ ತಿರುಗಿಸಿದ್ದೇನೆ, ಕೈ ಪಳಗಿಸಿಕೊಳ್ಳಬೇಕಿದ್ದರೆ ಪ್ರಯೋಗಪುಟವೊಂದು ಬೇರೆಯೇ ಇದೆ, ಸಂದೇಹವಿದ್ದರೆ ಇಂಥ ಕಡೆ ಕೇಳಿ ಎಂಬಷ್ಟೇ ಅದರ ಸಾರಾಂಶ. ಎರಡನೆಯದರ ಚಿಹ್ನೆ ಕಿತ್ತಳೆ ಬಣ್ಣದ್ದು. ಉದ್ದೇಶ ಒಳ್ಳೆಯದೆಂದೂ ಅಲ್ಲ, ಕೆಟ್ಟದೆಂದೂ ಅಲ್ಲ. ಹೀಗೆ ಮಾಡಬೇಡಿ ಎಂಬ ಮಾತು ಮಾತ್ರ ಅದರಲ್ಲಿ ಸ್ಪಷ್ಟವಾಗಿ ಬರುತ್ತದೆ. ಮೂರನೆಯದಕ್ಕೆ ತ್ರಿಕೋನದೊಳಗೆ ಆಶ್ಚರ್ಯಚಿಹ್ನೆ. ನಿಲ್ಲಿಸಿ, ಮುಂದುವರಿದರೆ ಬರೆಯುವ ಹಕ್ಕಿಗೆ ತಡೆ ಬೀಳಬಹುದೆಂದು ಇಲ್ಲಿ ಮೊದಲ ಬಾರಿಗೆ ತಡೆಯ ಮಾತು ಮುಖ್ಯವಾಗುತ್ತದೆ. ನಾಲ್ಕನೆಯದರ ಮೇಲೆ ಅಡ್ಡಹಿಡಿದ ಅಂಗೈಯ ಚಿತ್ರ. ಇದೇ ಕಡೆಯ ಮಾತು, ಇನ್ನೊಮ್ಮೆ ಆದರೆ ಹೇಳದೆಯೇ ತಡೆ.

ನಮ್ಮ ಹಿರಿಯರು ಹೇಳಿದ ಸಾಮ, ದಾನ, ಭೇದ, ದಂಡಗಳನ್ನು ನೆನೆದು ಕೆಲವರು ಇಲ್ಲಿಯೂ ನಾಲ್ಕೇ ಎಂದು ಸಂತೋಷಪಡಬಹುದು. ಹಾಗೆ ಹೊಂದಿಸಲು ಬರುವುದಿಲ್ಲ. ಇಲ್ಲಿ ಕೊಡಲು ದಾನವಿಲ್ಲ, ಭೇದಕ್ಕಂತೂ ಎಡೆಯೇ ಇಲ್ಲ. ಇರುವುದೆಲ್ಲ ಸಾಮವೇ, ಒಂದಕ್ಕಿಂತ ಒಂದು ಬಿಗಿಯಾದ ಸಾಮ. ದಂಡವೆಂಬುದು ಐದನೆಯ ಮೆಟ್ಟಿಲು. ಅದು ಕಾಗದ ಬರೆದವರ ಕೈಯಲ್ಲಿ ಇರುವುದೂ ಇಲ್ಲ. ತಡೆ ಹಾಕುವ ಅಧಿಕಾರ ನಿರ್ವಾಹಕರೆಂಬುವರಿಗೆ ಮಾತ್ರ. ಅವರಾದರೂ ಮೊದಲು ನೋಡುವುದು ಈ ಕಾಗದಗಳನ್ನೇ: ಸಾಕಷ್ಟು ಎಚ್ಚರಿಕೆ ಕೊಟ್ಟಿದ್ದಾರೆಯೇ, ಕೊಟ್ಟ ಮೇಲೂ ತಪ್ಪು ನಡೆದಿದೆಯೇ ಎಂದು. ತೀರ ಅತಿರೇಕದ ಕಿಡಿಗೇಡಿತನಕ್ಕೆ ಮೊದಲನೆಯದೂ ಕಡೆಯದೂ ಒಂದೇ ಆದ ಕಾಗದವೂ ಉಂಟು. ಅದರ ಬಳಕೆ ವಿರಳವಾಗಿರಬೇಕು. ತಡೆಯೂ ಅವರ ನೀತಿಯ ಪ್ರಕಾರ ಶಿಕ್ಷೆಯಲ್ಲ, ಮುಂದಾಗುವ ಹಾನಿಯನ್ನು ತಪ್ಪಿಸುವ ಉಪಾಯ.

ಈ ಕೊನೆಯ ಮಾತು ಓದಿದಾಗ ನನಗೆ ನಮ್ಮ ನಿಯಮಗಳ ನೆನಪಾಯಿತು. ಕೇಂದ್ರ ಸರಕಾರದ ನೌಕರರ ಶಿಸ್ತಿಗೆ ಸಂಬಂಧಿಸಿದ 1965ರ ನಿಯಮಗಳಲ್ಲಿ ಶಿಕ್ಷೆಗಳ ಪಟ್ಟಿಯೊಂದಿದೆ. ಅದು ಆರಂಭವಾಗುವುದು ಖಂಡನೆಯಿಂದ. ಎಚ್ಚರಿಕೆಯ ಹೆಸರು ಆ ಪಟ್ಟಿಯಲ್ಲಿಲ್ಲ. ಎಚ್ಚರಿಕೆಯೆಂಬುದು ಶಿಕ್ಷೆಯ ಹೊಸ್ತಿಲಿನಿಂದ ಈಚೆಗಿನ ಸಂಗತಿ. ಆದರೂ ನಮ್ಮಲ್ಲಿ ಎಚ್ಚರಿಕೆಯ ಕಾಗದವನ್ನು ಶಿಕ್ಷೆಯ ರುಚಿ ತೋರಿಸಲೆಂದೇ ಬರೆಯುವವರು ಕಡಿಮೆಯೇನಿಲ್ಲ.

ನಾನು ಮೊದಲು ಕೆಲಸ ಕಲಿತ ಕಛೇರಿಯಲ್ಲಿ ವಯಸ್ಸಾದ ಸೂಪರಿಂಟೆಂಡೆಂಟರೊಬ್ಬರಿದ್ದರು. ತಡವಾಗಿ ಬಂದವರಿಗೆ ಮೆಮೊ ಬರೆಯಬೇಕೆಂದು ಮೇಲಿನಿಂದ ಅಪ್ಪಣೆಯಾದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಆತನಿಗೆ ಗೊತ್ತಿಲ್ಲದೆ ಆಯಿತೋ, ಗೊತ್ತಿದ್ದೂ ಮಾಡಿದನೋ?” ಉತ್ತರ ತಿಳಿಯದಿದ್ದರೆ ಗೊತ್ತಿಲ್ಲದೆ ಆಯಿತೆಂದೇ ಇಟ್ಟುಕೊಂಡು ಬರೆಯಪ್ಪಾ ಎನ್ನುತ್ತಿದ್ದರು. ಅವರು ನಿವೃತ್ತರಾದ ಮೇಲೆ ಬಂದವರು ಹೆಸರು ಮತ್ತು ತಾರೀಖಿನ ಜಾಗ ಮಾತ್ರ ಖಾಲಿಯಿದ್ದ ಒಂದು ಪಡಿಯಚ್ಚನ್ನು ಮಾಡಿಸಿದರು. ಕೆಳಗೆ ಚಹಾ ಕುಡಿಯುತ್ತ ಕುಳಿತಿದ್ದವನಿಗೂ, ತಾಯಿಯನ್ನು ಆಸ್ಪತ್ರೆಗೆ ಸೇರಿಸಿ ಓಡಿಬಂದ ಟೈಪಿಸ್ಟ್ ಹುಡುಗಿಗೂ ಒಂದೇ ದಿನ ಒಂದೇ ಪಡಿಯಚ್ಚು ಹೋಯಿತು. ಆ ಹುಡುಗಿ ಆಮೇಲೆ ಒಂದು ದಿನವೂ ತಡವಾಗಿ ಬರಲಿಲ್ಲ. ಐದೂವರೆಯ ಮೇಲೆ ಐದು ನಿಮಿಷ ಕುಳಿತದ್ದನ್ನೂ ಯಾರೂ ಕಾಣಲಿಲ್ಲ. ಮುಂಚೆ ಏಳು ಗಂಟೆಯವರೆಗೂ ಕುಳಿತು ಕೆಲಸ ಮುಗಿಸಿಕೊಡುತ್ತಿದ್ದವಳು ಅವಳು.

ಇದೇ ಕಥೆ ಇನ್ನೂ ದೊಡ್ಡ ಪ್ರಮಾಣದಲ್ಲಿ ವಿಕಿಪೀಡಿಯದಲ್ಲಿಯೂ ನಡೆಯಿತು. ಮೊದಮೊದಲು ಎಚ್ಚರಿಕೆಯನ್ನು ಮನುಷ್ಯರು ಕುಳಿತು ಬರೆಯುತ್ತಿದ್ದರು. ಬರುವವರ ಸಂಖ್ಯೆ ಹೆಚ್ಚಿ ಕಿಡಿಗೇಡಿಗಳೂ ಹೆಚ್ಚಿದಾಗ ಕೆಲಸ ಕೈಮೀರಿತು. ತಿದ್ದುಪಡಿಗಳನ್ನು ಒಂದಾದ ಮೇಲೊಂದರಂತೆ ಕಣ್ಣಮುಂದೆ ತಂದು, ಒಂದೇ ಒತ್ತಿಗೆ ಪುಟವನ್ನು ಹಿಂದಿನಂತೆ ಮಾಡಿ, ಅದರೊಡನೆಯೇ ಎಚ್ಚರಿಕೆಯನ್ನೂ ಅಂಟಿಸುವ ಹಗಲ್ ಎಂಬಂಥ ಸಾಧನಗಳು ಬಂದವು. 2010ರಿಂದ ಈಚೆಗೆ ಕ್ಲೂಬಾಟ್ ಎನ್‌ಜಿ ಎಂಬ ಯಂತ್ರವು ಮನುಷ್ಯರ ನೆರವಿಲ್ಲದೆಯೇ ಈ ಎರಡೂ ಕೆಲಸಗಳನ್ನು ಮಾಡತೊಡಗಿತು. ಪುಟಗಳು ಶುಚಿಯಾಗಿ ಉಳಿದವೆಂಬುದರಲ್ಲಿ ಸಂದೇಹವಿಲ್ಲ. ಆದರೆ 2007ರಲ್ಲಿ ತುದಿಮುಟ್ಟಿದ್ದ ಇಂಗ್ಲಿಷ್ ವಿಕಿಪೀಡಿಯದ ಸಕ್ರಿಯ ಬರಹಗಾರರ ಸಂಖ್ಯೆ ಅಲ್ಲಿಂದ ಇಳಿಯತೊಡಗಿತ್ತು. ಏಕೆಂದು ಹುಡುಕಿದ ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಸಾಧನಗಳತ್ತಲೂ ಬೆರಳು ತೋರಿಸಿದರು. ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ಬರಹವೂ ಹೆಚ್ಚುಹೆಚ್ಚಾಗಿ ತಿರಸ್ಕೃತವಾಗುತ್ತಿತ್ತು. ತಿರಸ್ಕೃತರಾದವರು ಮರಳಿ ಬರುತ್ತಿರಲಿಲ್ಲ. ಜಗಳವಾಡುವವರು ಉಳಿದರು, ನಾಚಿಕೊಳ್ಳುವವರು ಹೋದರು ಎಂದು ನಾನು ಅದಕ್ಕೆ ಅರ್ಥ ಮಾಡುತ್ತೇನೆ. ಸೌಜನ್ಯದ ಪ್ರಶ್ನೆ ಇಲ್ಲಿ ಬರಿಯ ಶಿಷ್ಟಾಚಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ನಾಚಿಕೊಂಡು ಹೋದವರ ಜೊತೆಯಲ್ಲಿ ಅವರಿಗೆ ತಿಳಿದಿದ್ದ ಸಂಗತಿಗಳೂ ಹೋಗಿಬಿಟ್ಟವು.

ವಿಕಿಮೀಡಿಯ ಪ್ರತಿಷ್ಠಾನದವರು 2011–12ರಲ್ಲಿ ಒಂದು ಪ್ರಯೋಗ ನಡೆಸಿದರು. ಎಚ್ಚರಿಕೆಯ ಒಕ್ಕಣೆಯನ್ನು ಬೇರೆಬೇರೆ ರೀತಿಯಲ್ಲಿ ಬರೆದು ಬೇರೆಬೇರೆ ಜನಕ್ಕೆ ಕಳುಹಿಸಿ ಪರಿಣಾಮವನ್ನು ಹೋಲಿಸಿ ನೋಡಿದರು. ಆಮೇಲೆ ಮೊದಲ ಮೆಟ್ಟಿಲಿನ ಇಂಗ್ಲಿಷ್ ಕಾಗದ ಗುರುತು ಸಿಗದಷ್ಟು ಬದಲಾಯಿತು. ಮುಂಚೆ ಸಂಸ್ಥೆಯೊಂದು ಮಾತನಾಡಿದಂತಿತ್ತು: ಸ್ವಾಗತ, ಆದರೆ ತಮ್ಮ ತಿದ್ದುಪಡಿ ತೆಗೆದುಹಾಕಲ್ಪಟ್ಟಿದೆ, ಎಂಬ ಬಗೆಯದು. ಈಗ ನಮಸ್ಕಾರ ಹೇಳಿ, ನಾನು ಇಂಥವನೆಂದು ಹೆಸರು ಹೇಳಿಕೊಂಡು ಮಾತು ಆರಂಭವಾಗುತ್ತದೆ. ಹೊಸಬರು ಕುಳಿತು ಕೇಳಲೆಂದು ಟೀಹೌಸ್, ಅಂದರೆ ಚಹಾದಂಗಡಿ, ಎಂಬ ಪುಟವನ್ನೂ 2012ರಲ್ಲಿ ತೆರೆದರು. ಹಳಬರಿಗೆ ಪಡಿಯಚ್ಚಿನ ಕಾಗದ ಕಳುಹಿಸಬೇಡಿ, ನಾಲ್ಕು ಮಾತು ನೀವೇ ಬರೆಯಿರಿ ಎಂಬ ಹಿತವಚನವೂ ಅವರಲ್ಲುಂಟು. ಕಳುಹಿಸಿದರೆ ತಪ್ಪೇನು, ಎಲ್ಲರೂ ಸಮಾನರಲ್ಲವೇ ಎಂದು ಅದಕ್ಕೆ ಪ್ರತಿಯಾಗಿ ಬರೆದವರೂ ಇದ್ದಾರೆ! ನನ್ನ ಒಲವು ಮೊದಲನೆಯವರ ಕಡೆಗೆ.

ಇದೆಲ್ಲ ಇಂಗ್ಲಿಷಿನ ಮಾತಾಯಿತು. ಕನ್ನಡದ ವಿಕಿಪೀಡಿಯ 2003ರಿಂದ ಇದೆ. ಸಮುದಾಯದವರು ಕೂಡಿ ಮಾತನಾಡುವ ಪುಟಕ್ಕೆ ಅಲ್ಲಿ ಅರಳಿ ಕಟ್ಟೆ ಎಂದು ಹೆಸರಿಟ್ಟಿದ್ದಾರೆ; ಆ ಹೆಸರು ಇಟ್ಟವರಿಗೆ ನನ್ನ ನಮಸ್ಕಾರ. ಇಂಗ್ಲಿಷಿನ ಮನೆಯಿಂದ ಒಬ್ಬ ಹೋದರೆ ಹತ್ತು ಜನ ಬಂದಾರು. ನಮ್ಮ ಕಟ್ಟೆಯ ಮೇಲೆ ನಿತ್ಯ ಕೂರುವವರು ಎಷ್ಟು ಮಂದಿ? ಅವರಲ್ಲಿ ಒಬ್ಬರು ಮುನಿಸಿಕೊಂಡು ಎದ್ದುಹೋದರೆ ಅವರ ಜಾಗ ಬಹಳ ದಿನ ಖಾಲಿಯಾಗಿಯೇ ಇರುತ್ತದೆ. ಆದ್ದರಿಂದ ಎಚ್ಚರಿಕೆಯ ಕನ್ನಡ ಒಕ್ಕಣೆಯನ್ನು ಇಂಗ್ಲಿಷಿನವರಿಗಿಂತ ನಾವು ಹೆಚ್ಚು ಜಾಗರೂಕತೆಯಿಂದ ಬರೆಯಬೇಕು.

ತೊಂದರೆಯೇನೆಂದರೆ, ಎಚ್ಚರಿಕೆ ಬರೆಯಲು ಕುಳಿತ ಕನ್ನಡಿಗನ ಲೇಖನಿಗೆ ತಾನಾಗಿ ಬರುವುದು ಕಛೇರಿಯ ಕನ್ನಡ. ‘ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ’ ಎಂದು ಆರಂಭವಾದರೆ ಓದುವವನ ಎದೆ ಅಲ್ಲಿಯೇ ಧಸಕ್ಕೆನ್ನುತ್ತದೆ. ಮುಂದಿನದು ಬಾಡಿಗೆಯ ನೋಟೀಸೋ ನ್ಯಾಯಾಲಯದ ಸಮನ್ಸೋ ಎಂದು. ‘ಅಳಿಸಲಾಗಿದೆ’, ‘ಪರಿಗಣಿಸಲಾಗಿದೆ’ ಎಂಬ ಕ್ರಿಯಾಪದಗಳಲ್ಲಿ ಕರ್ತೃವೇ ಇಲ್ಲ. ಯಾರು ಅಳಿಸಿದರು? ಗಾಳಿಯೇ? ‘ಅಳಿಸಿದ್ದೇನೆ’ ಎಂದರೆ ಎದುರಿಗೆ ಒಬ್ಬ ಮನುಷ್ಯ ನಿಲ್ಲುತ್ತಾನೆ. ಅವನನ್ನು ಏಕೆಂದು ಕೇಳಬಹುದು. ಇನ್ನು ಸಂಬೋಧನೆ. ಇಂಗ್ಲಿಷಿನವರಿಗೆ ಈ ಕಷ್ಟವಿಲ್ಲ, ಅವರಿಗಿರುವುದು ಒಂದೇ ಪದ. ನಮ್ಮಲ್ಲಿ ‘ನೀನು’ ಎಂದರೆ ಅಪರಿಚಿತರಿಗೆ ಅವಮಾನ, ‘ತಾವು’ ಎಂದರೆ ಎಚ್ಚರಿಕೆಯ ಸಂದರ್ಭದಲ್ಲಿ ವ್ಯಂಗ್ಯದ ವಾಸನೆ. ನಾಲ್ಕು ಕಾಗದಗಳಿಗೂ ‘ನೀವು’ ಎಂಬುದೇ ತಕ್ಕದ್ದು. ಸಿಟ್ಟು ಹೆಚ್ಚಿದಂತೆ ‘ನೀವು’ ಕಳಚಿ ‘ನೀನು’ ಆಗುವುದು ಬಸ್ಸಿನ ಜಗಳದ ಕ್ರಮ. ‘ದಯವಿಟ್ಟು’ ಎಂಬುದನ್ನೂ ವಾಕ್ಯಕ್ಕೊಂದರಂತೆ ಹಾಕಿದರೆ ಅದು ರೈಲು ನಿಲ್ದಾಣದ ಪ್ರಕಟಣೆಯಾಗುತ್ತದೆ. ‘ವಿಧ್ವಂಸಕ ಕೃತ್ಯ’ ಎಂಬ ಪದವನ್ನಂತೂ ಮೊದಲ ಎರಡು ಕಾಗದಗಳಲ್ಲಿ ತರಲೇಬಾರದು. ತನ್ನ ಊರಿನ ಹೆಸರಿನ ಕಾಗುಣಿತ ತಿದ್ದಲು ಬಂದವನಿಗೆ ರೈಲಿನ ಹಳಿ ಕಿತ್ತವನ ಪದವಿ ಬೇಡ.

ಹೊರನಾಡಿನಲ್ಲಿರುವ ನಮಗೆ ಸಂಬಂಧಿಸಿದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಪುಣೆಯಲ್ಲಿ ಹುಟ್ಟಿ ಬೆಳೆದು, ಮನೆಯಲ್ಲಿ ಕನ್ನಡ ಕಲಿತ ತರುಣಿಯೊಬ್ಬಳು ತಮ್ಮೂರ ಕನ್ನಡ ಶಾಲೆಯ ವಿಷಯವನ್ನು ಬರೆಯಲು ಉತ್ಸಾಹದಿಂದ ಬಂದಿದ್ದಾಳೆ. ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾದ ಲೇಖನವನ್ನು ಅಕ್ಷರಶಃ ಇಳಿಸಿಬಿಟ್ಟಿದ್ದಾಳೆ. ಕೃತಿಸ್ವಾಮ್ಯದ ಕಾರಣದಿಂದ ಅದು ಅಲ್ಲಿ ನಿಲ್ಲುವಂತಿಲ್ಲ. ನಮ್ಮ ಸಂಘದ್ದೇ ಸಂಚಿಕೆಯಲ್ಲವೇ ಎಂಬ ಸಮಾಧಾನ ಸಾಲದು. ಅವಳಿಗೆ ಮೊದಲ ಕಾಗದವನ್ನು ನಾನಾದರೆ ಹೀಗೆ ಬರೆದೇನು:

“ನಮಸ್ಕಾರ. ನಾನೂ ನಿಮ್ಮಂತೆ ಇಲ್ಲಿ ಬರೆಯುವವನು. ಶಾಲೆಯ ಬಗ್ಗೆ ನಿನ್ನೆ ನೀವು ಸೇರಿಸಿದ ಲೇಖನ ಸ್ಮರಣ ಸಂಚಿಕೆಯಲ್ಲಿ ಅಚ್ಚಾದದ್ದೇ ಎಂದು ತೋರಿತು. ಹಕ್ಕುದಾರರು ಮುಕ್ತ ಬಳಕೆಗೆ ಒಪ್ಪಿಕೊಟ್ಟಿಲ್ಲದ ಬರಹವನ್ನು ಇಲ್ಲಿ ಇಡಲು ಬರುವುದಿಲ್ಲ, ಅದಕ್ಕಾಗಿ ತೆಗೆದಿದ್ದೇನೆ. ಅದರಲ್ಲಿನ ಸಂಗತಿಗಳನ್ನು ನಿಮ್ಮ ಮಾತಿನಲ್ಲಿ ಬರೆದು, ಸಂಚಿಕೆಯ ಹೆಸರು ಮತ್ತು ವರ್ಷವನ್ನು ಆಧಾರವಾಗಿ ಕೊಡಿ. ಆ ಶಾಲೆಯ ವಿಷಯ ಇಲ್ಲಿ ಬೇಕಾಗಿದೆ. ನಾನು ತಪ್ಪಾಗಿ ತಿಳಿದಿದ್ದರೆ ನನ್ನ ಚರ್ಚೆಪುಟದಲ್ಲಿ ಹೇಳಿ.”

ಆದದ್ದು ಏನು, ನಾನು ಮಾಡಿದ್ದು ಏನು, ಏಕೆ, ಮುಂದೆ ನೀವು ಮಾಡಬಹುದಾದದ್ದು ಏನು, ನನ್ನನ್ನು ಕೇಳುವುದು ಎಲ್ಲಿ ಎಂಬುದೆಲ್ಲ ಅದರಲ್ಲಿದೆ. ತಡೆಯ ಮಾತು ಇಲ್ಲ. ಮತ್ತೆ ಅದೇ ನಡೆದರೆ ಎರಡನೆಯದು: “ಸೋಮವಾರದ ಕಾಗದವನ್ನು ನೀವು ನೋಡಿದಿರೋ ಇಲ್ಲವೋ ತಿಳಿಯದು. ಇಂದು ಸೇರಿಸಿದ ಎರಡು ಭಾಗಗಳೂ ಅದೇ ಸಂಚಿಕೆಯವು. ಅಚ್ಚಾದ ಬರಹವನ್ನು ನಕಲು ಮಾಡಿ ಹಾಕಬೇಡಿ. ಹೇಗೆ ಬರೆಯಬೇಕೆಂಬುದು ತಿಳಿಯದಿದ್ದರೆ ಕೇಳಿ, ಹೇಳಿಕೊಡುತ್ತೇನೆ.” ಮೂರನೆಯದು: “ನಕಲು ಮಾಡುವುದನ್ನು ನಿಲ್ಲಿಸಿ. ಎರಡು ಸಲ ತಿಳಿಸಿದ ಮೇಲೂ ನಡೆದಿದೆ. ಮುಂದುವರಿದರೆ ನಿಮ್ಮ ಖಾತೆಗೆ ತಡೆ ಬೀಳಬಹುದು.” ನಾಲ್ಕನೆಯದು: “ಇದು ಕಡೆಯ ಎಚ್ಚರಿಕೆ. ಇನ್ನೊಮ್ಮೆ ನಕಲು ಮಾಡಿದರೆ ಮತ್ತೆ ತಿಳಿಸದೆ ತಡೆ ಹಾಕಲಾಗುವುದು.”

ಮೆಟ್ಟಿಲು ಏರಿದಂತೆ ಕಾಗದ ಚಿಕ್ಕದಾಗುತ್ತ ಹೋದದ್ದನ್ನು ವಾಚಕರು ಗಮನಿಸಿರಬಹುದು. ಕಲಿಸಬೇಕಾದದ್ದನ್ನು ಮೊದಲನೆಯದರಲ್ಲೇ ಹೇಳಿ ಮುಗಿದಿದೆ. ನಾಲ್ಕನೆಯದರಲ್ಲೂ ಬೈಗುಳವಿಲ್ಲ, ಬಿಗಿಯಿರುವುದು ಪದದ ಕಾರದಲ್ಲಿ ಅಲ್ಲ, ಆಗಲಿರುವುದನ್ನು ಮುಚ್ಚಿಡದೆ ಹೇಳುವುದರಲ್ಲಿ. ಅಲ್ಲಿನ ‘ಹಾಕಲಾಗುವುದು’ ಎಂಬ ಕಛೇರಿಯ ಕ್ರಿಯಾಪದವನ್ನು ಮಾತ್ರ ನಾನು ಬೇಕೆಂದೇ ಉಳಿಸಿಕೊಂಡಿದ್ದೇನೆ. ತಡೆ ಹಾಕುವವನು ಬರೆದವನಲ್ಲವಾದ್ದರಿಂದ ‘ಹಾಕುತ್ತೇನೆ’ ಎಂದರೆ ಇಲ್ಲದ ಅಧಿಕಾರವನ್ನು ತೋರಿಸಿದಂತಾಗುತ್ತದೆ.

ಕಾಗದಗಳ ನಡುವಿನ ಬಿಡುವೂ ಮುಖ್ಯ. ಒಬ್ಬಳು ಹತ್ತು ನಿಮಿಷದಲ್ಲಿ ನಾಲ್ಕು ತಿದ್ದುಪಡಿ ಮಾಡಿದಳೆಂದು ಸಾಲಾಗಿ ನಾಲ್ಕು ಕಾಗದ ಅಂಟಿಸುವುದು ಮೆಟ್ಟಿಲು ಹತ್ತಿಸಿದಂತಲ್ಲ, ಮೆಟ್ಟಿಲ ಮೇಲಿನಿಂದ ನೂಕಿದಂತೆ. ಮೊದಲನೆಯದು ಅಂಟಿದ ವೇಳೆಗೂ ಮುಂದಿನ ತಪ್ಪಿನ ವೇಳೆಗೂ ನಡುವೆ ಓದಲು ಅವಕಾಶವಿತ್ತೇ ಎಂದು ತಾರೀಖು ನೋಡಬೇಕು. ಸಹಿಯ ಪಕ್ಕದ ಆ ವೇಳೆ ಇರುವುದು ಅದಕ್ಕೇ. ಬಹುಕಾಲ ಖಾತೆಯಿಲ್ಲದವರ ಬರಹ ಐಪಿ ಸಂಖ್ಯೆಯ ಹೆಸರಿನಲ್ಲಿ ದಾಖಲಾಗುತ್ತಿತ್ತು. ಒಂದು ಕಾಲೇಜಿನ ಗಣಕಯಂತ್ರದಲ್ಲಿ ಬೆಳಿಗ್ಗೆ ಕೂತ ಹುಡುಗನಿಗೆ ಬರೆದ ಮೂರನೆಯ ಎಚ್ಚರಿಕೆಯನ್ನು ಮಧ್ಯಾಹ್ನ ಕೂತ ಇನ್ನೊಬ್ಬ ಹುಡುಗ ಓದಿ ಗಾಬರಿಯಾಗುವ ಪ್ರಸಂಗಗಳು ಆಗ ಸಾಮಾನ್ಯ.

ಎಚ್ಚರಿಕೆಯನ್ನು ಪಡೆದವರು ಅದನ್ನು ತಮ್ಮ ಚರ್ಚೆಪುಟದಿಂದ ಅಳಿಸಿಹಾಕಿದರೆ? ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಅಳಿಸಿದರೆಂದರೆ ಓದಿದರೆಂದೇ ಲೆಕ್ಕ. ಜವಾನನ ಪುಸ್ತಕದಲ್ಲಿ ‘ಮುಟ್ಟಿತು’ ಎಂದು ರುಜು ಹಾಕಿದಂತೆ. ಕಾಗದವನ್ನು ಗೋಡೆಗೆ ಮೊಳೆ ಹೊಡೆದು ಲೋಕಕ್ಕೆಲ್ಲ ತೋರಿಸಬೇಕೆಂಬ ಹಟ ಅವರಿಗಿಲ್ಲ. ಬೇಕಾದವರಿಗೆ ಇತಿಹಾಸದ ಪುಟದಲ್ಲಿ ಅದು ಇದ್ದೇ ಇರುತ್ತದೆ.

ನಾಲ್ಕೂ ಮುಗಿದು ತಡೆ ಬಿತ್ತೆನ್ನಿ. ಮೊದಲ ಸಲದ ತಡೆ ಅಲ್ಲಿ ಅನೇಕ ವೇಳೆ ಗಂಟೆಗಳ ಲೆಕ್ಕದ್ದು. 31 ಗಂಟೆಗಳೆಂಬ ವಿಚಿತ್ರವಾದ ಅವಧಿಯೊಂದು ಇಂಗ್ಲಿಷಿನವರಲ್ಲಿ ರೂಢಿಯಲ್ಲಿದೆ. 24 ಆದರೆ ಮರುದಿನ ಅದೇ ಹೊತ್ತಿಗೆ ಅದೇ ಹುಡುಗ ಬಂದು ಕೂರುತ್ತಾನೆ; ಏಳು ಗಂಟೆ ಹೆಚ್ಚಿಟ್ಟರೆ ಆ ಹೊತ್ತಿಗೆ ಅವನು ಊಟಕ್ಕೋ ನಿದ್ರೆಗೋ ಹೋಗಿರುತ್ತಾನೆ. ತಡೆ ಬಿದ್ದವರು ಲೇಖನಗಳನ್ನು ಮುಟ್ಟುವಂತಿಲ್ಲ. ಆದರೆ ಸಾಮಾನ್ಯವಾಗಿ ತಮ್ಮ ಸ್ವಂತ ಚರ್ಚೆಪುಟದಲ್ಲಿ ಮಾತ್ರ ಬರೆಯಬಹುದು. ಹೀಗಾಯಿತು, ತೆಗೆದುಬಿಡಿ ಎಂದು ಅಲ್ಲಿ ಮನವಿ ಮಾಡಿಕೊಂಡರೆ, ತಡೆ ಹಾಕಿದವರಲ್ಲದೆ ಬೇರೊಬ್ಬ ನಿರ್ವಾಹಕರು ಅದನ್ನು ಓದಿ ತೀರ್ಮಾನಿಸಬೇಕೆಂದು ಕ್ರಮ. ನಿರ್ವಾಹಕರು ಬೆರಳೆಣಿಕೆಯಷ್ಟೇ ಇರುವ ನಮ್ಮ ಕನ್ನಡದಲ್ಲಿ ಆ ಇನ್ನೊಬ್ಬರು ಸಿಗುವ ಹೊತ್ತಿಗೆ ಎಷ್ಟೋ ವೇಳೆ ತಡೆಯ ಅವಧಿಯೇ ಮುಗಿದಿರುತ್ತದೆ. ಮೊದಲ ಕಾಗದಕ್ಕೆ ಇನ್ನು ಹತ್ತು ನಿಮಿಷ ಹೆಚ್ಚು ಕೊಡಲು ಇದೂ ಒಂದು ಕಾರಣ.